ಟವೆಲ್ ಊಟ

ನಮ್ಮ ನಾಯಿಮರಿ ಚಿನ್ನಿ ಇವತ್ತು ಬೆಳಿಗ್ಗೆ ಊಟ ಮಾಡಿದ್ದು ತಟ್ಟೆಯಲ್ಲಲ್ಲ, ಅಪ್ಪನ ಹಳೇ ಟವೆಲ್‌ನಲ್ಲಿ.

ಸಂತಾನಹರಣದ ಆಪರೇಷನ್ ಆಗಿದೆ. ಹೊಲಿಗೆ ಒಣಗೋಕೆ 10ರಿಂದ 14 ದಿನ ಬೇಕು. ಅಲ್ಲಿವರೆಗೆ ಓಡಬಾರದು, ಸೋಫಾ ಹತ್ತಬಾರದು, ಗಾಯ ನೆಕ್ಕಬಾರದು, ಸ್ನಾನವಂತೂ ಇಲ್ಲವೇ ಇಲ್ಲ. ಇದನ್ನೆಲ್ಲ ಏಳು ತಿಂಗಳ ಮರಿಗೆ ಯಾರು ಹೇಳೋದು? ಏನೂ ಆಗಿಯೇ ಇಲ್ಲ ಅನ್ನೋ ಹಾಗೆ ಕುಣಿಯುತ್ತಾಳೆ. ಅದು ನೋವಿನ ಮಾತ್ರೆಯ ಕರಾಮತ್ತು ಅಷ್ಟೇ, ಒಳಗಿನ ಗಾಯ ಇನ್ನೂ ಹಸಿ.

ಅದಕ್ಕೇ ಕೂತಲ್ಲೇ ಆಡಿಸೋಣ ಅಂತ ಟವೆಲ್ ಹಾಸಿದೆ. ಅವಳ ಫುಡ್ ಕಾಳುಗಳನ್ನು ಅದರ ಮೇಲೆ ಚೆಲ್ಲಿದೆ. ಚಾಪೆ ಸುತ್ತಿದ ಹಾಗೆ ಸುತ್ತಿ ಮುಂದಿಟ್ಟೆ. ಗಾಯ ನೆಕ್ಕದಿರಲಿ ಅಂತ ಕತ್ತಿಗೆ ಹಾಕಿದ್ದ ಕೋನ್ ತೆಗೆದು ಪಕ್ಕದಲ್ಲೇ ಕಾವಲು ಕೂತೆ.

ಮೂಸಿದಳು. ಮೂಗಿನಿಂದ ತಳ್ಳಿದಳು. ಒಂದು ಸುತ್ತು ಬಿಚ್ಚಿತು, ನಾಲ್ಕು ಕಾಳು ಸಿಕ್ಕಿತು. ಮತ್ತೆ ಮೂಸಿದಳು. ತಟ್ಟೆಗೆ ಹಾಕಿದರೆ ಕಣ್ಣು ಮಿಟುಕಿಸೋದರೊಳಗೆ ಖಾಲಿ ಮಾಡುವವಳು, ನನ್ನ ಕಾಫಿ ಆರಿಹೋದರೂ ಅಲ್ಲೇ ಇದ್ದಳು. ಆಮೇಲೆ ತಾನಾಗೇ ಹೋಗಿ ಮಲಗಿದಳು, ಗೊರಕೆ ಸಮೇತ!

ನಾಯಿಗೆ ಮೂಸೋದೇ ದೊಡ್ಡ ಕೆಲಸ ಅಲ್ವಾ? ಕಾಲಿಗಷ್ಟೇ ಅಲ್ಲ, ಮೂಗಿಗೂ ದಣಿವು. ನಾವು ಮಾತ್ರ ವಾಕಿಂಗ್‌ನಲ್ಲಿ ನಾಯಿ ಮೂಸೋಕೆ ಕಂಬದ ಹತ್ತಿರ ನಿಂತರೆ ಸುಮ್ನೆ ಬೆಲ್ಟ್ ಎಳೆಯುತ್ತೇವೆ, ಏನೋ ಆಫೀಸಿಗೆ ಲೇಟಾಯ್ತು ಅನ್ನೋ ಹಾಗೆ.

ಸಂಜೆಗೆ ರಬ್ಬರ್ ಆಟಿಕೆಯೊಳಗೆ ಸಪ್ಪೆ ಮೊಸರು ತುಂಬಿ ಫ್ರೀಜರ್‌ನಲ್ಲಿಟ್ಟಿದ್ದೇನೆ. ಅಮ್ಮ ಬಾಗಿಲು ತೆಗೆದು ನೋಡಿ, "ಇದು ಯಾರ ತಿಂಡಿನೇ?" ಅಂದರು.

ನಾಳೆಗೆ ಏನೂ ಹೊಳೆದಿಲ್ಲ. ನಿಮ್ಮ ಹತ್ತಿರ ಐಡಿಯಾ ಇದ್ದರೆ ಹೇಳ್ರಪ್ಪಾ, ಕೂತಲ್ಲೇ ಆಡೋ ಆಟ ಆಗಿರಬೇಕು.