ಹೆದ್ದಾರಿಯ ನೆತ್ತಿಯ ಮೇಲೊಂದು ಚೌಕ

ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ಹಳೆಯ ಕೋರ್ಟ್‌ಹೌಸ್‌ನಿಂದ ಪೂರ್ವಕ್ಕೆ ಹೊರಟು ನಾಲ್ಕನೇ ಬೀದಿ ದಾಟಿದರೆ ಸಾಕು. ಆಮೇಲೆ ಹುಲ್ಲು, ಗಿಡಮರ, ಕಾಲುದಾರಿ. ಎದುರಿಗೆ 630 ಅಡಿ ಎತ್ತರದ ಉಕ್ಕಿನ ಕಮಾನು ಸ್ಮಾರಕ, ಗೇಟ್‌ವೇ ಆರ್ಚ್. ಅಂತರರಾಜ್ಯ ಹೆದ್ದಾರಿ 44 ಕಾಲಡಿಯಲ್ಲೇ ಓಡುತ್ತಿರುತ್ತದೆ. ಈ ಜಾಗದ ಹೆಸರು ಲೂಥರ್ ಈಲಿ ಸ್ಮಿತ್ ಚೌಕ. ನದೀದಂಡೆಯಲ್ಲಿ ಸ್ಮಾರಕವಾಗಬೇಕೆಂದು 1933ರಲ್ಲಿ ಹೊರಟ ವಕೀಲ ಈ ಸ್ಮಿತ್. 1951ರಲ್ಲಿ ಅವರು ತೀರಿಕೊಂಡಾಗ ಆರ್ಚ್ ಇನ್ನೂ ನಕ್ಷೆಯಲ್ಲೇ ಇತ್ತು. ಕಟ್ಟಿ ಮುಗಿದದ್ದು 1965ರಲ್ಲಿ. ನಗರಕ್ಕೂ ಸ್ಮಾರಕಕ್ಕೂ ನಡುವೆ ಹೆದ್ದಾರಿಯ ಕಂದಕ ಬಿತ್ತು. ಅದರ ಮೇಲೆ ಮುಚ್ಚಳ ಹಾಕಿ ಚೌಕವನ್ನು ಆರ್ಚ್ ಕಡೆಗೆ ಚಾಚಿ ತೆರೆದದ್ದು 2015ರ ಕೊನೆಗೆ.

ಅಲ್ಲಿ ಒಂದು ಬೆಳಿಗ್ಗೆ ನಿಧಾನವಾಗಿ ಅಡ್ಡಾಡಿದರೆ, ಇಂಥ ಚೌಕದ ವಿನ್ಯಾಸ ಮೇಲಿನಿಂದಲ್ಲ, ಕೆಳಗಿನಿಂದ ಶುರುವಾಗಬೇಕು ಎಂಬುದು ಮನಸ್ಸಿಗೆ ನಾಟುತ್ತದೆ.

ಮೊದಲ ಲೆಕ್ಕ ಎತ್ತರದ್ದು. ಲಾರಿಗಳಿಗೆ ಸುಮಾರು 16 ಅಡಿ ತೆರವು, ಅದರ ಮೇಲೆ ಮೂರು ನಾಲ್ಕು ಅಡಿ ಆಳದ ತೊಲೆ, ಸ್ಲ್ಯಾಬ್, ಆಮೇಲೆ ಮಣ್ಣು. ಒಟ್ಟು 23 ಅಡಿ ದಾಟುತ್ತದೆ. ಕಂದಕ ಅಷ್ಟು ಆಳ ಇರದಿದ್ದರೆ ಚೌಕದ ನಡುಭಾಗ ಬೀದಿಗಿಂತ ಮೇಲೇಳುತ್ತದೆ. ಗಾಲಿಕುರ್ಚಿ ಸರಾಗವಾಗಿ ಹೋಗಲು ಇಳಿಜಾರು 20ಕ್ಕೆ 1 ಮೀರಬಾರದು. ನಾಲ್ಕು ಅಡಿ ಏರಬೇಕಾದರೆ 80 ಅಡಿ ಉದ್ದದ ದಾರಿ ಬೇಕು. ಇದನ್ನು ತಡವಾಗಿ ನೋಡಿಕೊಂಡವರ ಚೌಕಗಳಲ್ಲಿ ಮೆಟ್ಟಿಲು ಮುಂಬಾಗಿಲಿಗೂ ಇಳಿಜಾರು ಹಿಂಬದಿಗೂ ಹೋಗಿಬಿಡುತ್ತವೆ. ಸ್ಮಾರಕದ ಜಾಗದಲ್ಲಿ ಇದು ಅಕ್ಷಮ್ಯ.

ಎರಡನೆಯದು ಭಾರ. ಜನ ಕಿಕ್ಕಿರಿದು ನಿಂತರೂ ಲೆಕ್ಕಕ್ಕೆ ಹಿಡಿಯುವುದು ಚದರ ಮೀಟರಿಗೆ ಸುಮಾರು 500 ಕಿಲೋ. ಆದರೆ ಒಂದು ಮೀಟರ್ ಆಳದ ಒದ್ದೆ ಮಣ್ಣು ಹತ್ತಿರ ಹತ್ತಿರ ಎರಡು ಟನ್. ಹುಲ್ಲಿಗೆ ಒಂದು ಅಡಿ ಮಣ್ಣು ಸಾಕು, ಮರಕ್ಕೆ ಮೂರು ನಾಲ್ಕು ಅಡಿ ಬೇಕು. ಹಾಗಾಗಿ ಮರಗಳ ಸಾಲು ರಸ್ತೆ ವಿಭಜಕದ ಕಂಬಗಳ ನೆತ್ತಿಯ ಮೇಲೂ ಅಂಚಿನ ಆಧಾರಗೋಡೆಗಳ ಮೇಲೂ ಬರಬೇಕು. ತೊಲೆಯ ನಡುಮಧ್ಯದಲ್ಲಿ ಹುಲ್ಲು. 2012ರಲ್ಲಿ ತೆರೆದ ಡಲ್ಲಾಸ್‌ನ 5.2 ಎಕರೆಯ ಕ್ಲೈಡ್ ವಾರೆನ್ ಪಾರ್ಕ್‌ನಲ್ಲಿ ತೊಲೆಗಳನ್ನು ಗುಂಪುಗುಂಪಾಗಿ ಇಟ್ಟು, ನಡುವಿನ ಸಂದುಗಳನ್ನೇ ಬೇರಿಗೆ ತೊಟ್ಟಿಗಳನ್ನಾಗಿ ಮಾಡಿದ್ದಾರೆ. ನನಗೆ ಅದು ಬಹಳ ಮೆಚ್ಚುಗೆಯಾದ ಉಪಾಯ, ಏಕೆಂದರೆ ಮರಕ್ಕಾಗಿ ಹೆಚ್ಚುವರಿ ಎತ್ತರ ಬೇಕಾಗುವುದಿಲ್ಲ. ದಿಬ್ಬಗಳ ಹೊಟ್ಟೆಗೆ ಥರ್ಮಾಕೋಲ್ ಜಾತಿಯ ಜಿಯೋಫೋಮ್ ತುಂಬುತ್ತಾರೆ. ಘನಮೀಟರಿಗೆ ಇಪ್ಪತ್ತು ಮೂವತ್ತು ಕಿಲೋ ಅಷ್ಟೇ. ಆದರೆ ನೀರು ಹೋಗುವ ದಾರಿ ಕಟ್ಟಿಕೊಂಡರೆ ಅದು ತೇಲಿ ಮೇಲಿನ ಮಣ್ಣನ್ನೇ ಎತ್ತುತ್ತದೆ, ಪೆಟ್ರೋಲ್ ತಗುಲಿದರೆ ಕರಗುತ್ತದೆ. ಅದಕ್ಕೆ ಹೊದಿಕೆ ಕಡ್ಡಾಯ.

ಎಲ್ಲಕ್ಕಿಂತ ಹೆಚ್ಚು ಕೆಡುವುದು ವಾಟರ್‌ಪ್ರೂಫಿಂಗ್. ಸ್ಲ್ಯಾಬ್ ಮೇಲೆ ಬಿಸಿ ರಬ್ಬರ್-ಡಾಂಬರಿನ ಪದರ, ಅದರ ಮೇಲೆ ರಕ್ಷಣಾ ಹಲಗೆ, ಬೇರು ತಡೆ, ನೀರು ಹರಿಯುವ ಚಾಪೆ, ಸೋಸುಬಟ್ಟೆ, ಆಮೇಲೆ ಮಣ್ಣು. ಮಣ್ಣು ಹಾಕುವ ಮುಂಚೆ ಎರಡು ಅಂಗುಲ ನೀರು ಕಟ್ಟಿ ಒಂದೆರಡು ದಿನ ನಿಲ್ಲಿಸಿ ನೋಡುತ್ತಾರೆ. ಪರೀಕ್ಷೆಯಲ್ಲಿ ಪಾಸಾದ ಪದರವೂ ಸೋರುತ್ತದೆ, ಏಕೆಂದರೆ ಅದಾದ ಮೇಲೆ ದೀಪದ ಕಂಬದವರೋ ಬೆಂಚಿನವರೋ ಬಂದು ಬೋಲ್ಟಿಗೆ ತೂತು ಕೊರೆಯುತ್ತಾರೆ. ಪ್ರತಿ ಕಂಬದ, ಪೀಠದ ಬುಡವನ್ನೂ ಸ್ಲ್ಯಾಬ್ ಜೊತೆಗೇ ಎರಕ ಹಾಕಿ ಮೇಲೆತ್ತಿಟ್ಟರೆ ಈ ಕಾಟವಿಲ್ಲ. ಚಳಿಗಾಲದಲ್ಲಿ ಸೋರಿದ ನೀರು ಕೆಳಗೆ ಮಂಜುಗಡ್ಡೆಯ ಮೊನೆಯಾಗಿ ವಾಹನಗಳ ಮೇಲೆ ನೇತಾಡುತ್ತದೆ. ಸರಿಪಡಿಸಲು ಮೇಲೆ ತೋಟ ಅಗೆಯಬೇಕು, ಕೆಳಗೆ ರಾತ್ರಿ ಲೇನ್ ಮುಚ್ಚಬೇಕು.

ಮುಚ್ಚಳದ ಉದ್ದಕ್ಕೂ ಮಿತಿಯಿದೆ. 300 ಅಡಿಗೆ ಕಡಿಮೆಯಿದ್ದರೆ ಅಮೆರಿಕದ ಅಗ್ನಿಸುರಕ್ಷತಾ ಮಾನದಂಡವಾದ ಎನ್‌ಎಫ್‌ಪಿಎ 502 ಅದನ್ನು ಪೂರ್ಣ ಸುರಂಗದಂತೆ ನೋಡುವುದಿಲ್ಲ; ಉದ್ದ ಹೆಚ್ಚಿದಂತೆ ಬೆಂಕಿ ಪತ್ತೆ, ನೀರಿನ ಕೊಳವೆ, ಫ್ಯಾನುಗಳ ಖರ್ಚು ಏರುತ್ತದೆ.

ಸ್ಮರಣೆಯ ಕಲ್ಲನ್ನು ಎಲ್ಲಿಡಬೇಕು ಎನ್ನುವುದಕ್ಕೂ ಈ ಗುಪ್ತ ಲೆಕ್ಕವೇ ಆಧಾರ. ಭಾರಿ ಪೀಠವಾದರೆ ಕಂಬದ ಮೇಲೆ. ಬಿಸಿಲು ಚಳಿಗೆ ಕಾಂಕ್ರೀಟ್ ಹಿಗ್ಗಿ ಕುಗ್ಗಲೆಂದು ಬಿಟ್ಟ ಸಂದಿನ (ಎಕ್ಸ್‌ಪ್ಯಾನ್ಷನ್ ಜಾಯಿಂಟ್) ಮೇಲಂತೂ ಕೂಡದು. ಹೆಸರುಗಳನ್ನು ನೆಲಹಾಸಿನಲ್ಲಿ ಕೊರೆದರೆ ಹಿಮ ಕರಗಿಸುವ ಉಪ್ಪು, ಸಲಿಕೆಗಳು ಅಕ್ಷರ ತಿನ್ನುತ್ತವೆ, ಗೋಡೆಯೇ ಲೇಸು. ಓದಲು ನಿಲ್ಲುವ ಜಾಗ ತೆರೆದ ಅಂಚುಗಳಿಂದ ದೂರವಿರಲಿ: ಸದ್ದನ್ನು ತಡೆಯುವುದು ಗೋಡೆಯ ತೂಕ, ಗಿಡಗಳಲ್ಲ. ಅಮೆರಿಕದ ದ್ವಿಶತಮಾನೋತ್ಸವದ ದಿನ, 1976ರ ಜುಲೈ 4ರಂದು ತೆರೆದ ಸಿಯಾಟಲ್‌ನ ಫ್ರೀವೇ ಪಾರ್ಕ್‌ನಲ್ಲಿ ಜಲಪಾತದ ಸದ್ದಿನಿಂದಲೇ ಹೆದ್ದಾರಿಯ ಸದ್ದನ್ನು ಮುಚ್ಚಿದರು. ಆದರೆ ಪಂಪು ನಿಂತ ದಿನ ಆ ಮರೆಯೂ ಇಲ್ಲ. ಎತ್ತರದ ಕಾಂಕ್ರೀಟ್ ಗೋಡೆ, ದಟ್ಟ ಗಿಡಗಳಿಂದ ಮುಂದೆ ಅಲ್ಲಿ ಭಯ ಹುಟ್ಟಿ, ಗಿಡ ತೆಳುಗೊಳಿಸಿ ಬೆಳಕು ಹೆಚ್ಚಿಸಬೇಕಾಯಿತು.

ಯಾರನ್ನು ನೆನೆಯಬೇಕು ಎಂಬುದೂ ವಿನ್ಯಾಸದ ಭಾಗವೇ. ಪಿಟ್ಸ್‌ಬರ್ಗ್‌ನಲ್ಲಿ 2021ರಲ್ಲಿ ಹೆದ್ದಾರಿಯ ಮೇಲೆ ತೆರೆದ ಮೂರು ಎಕರೆಯ ಉದ್ಯಾನಕ್ಕೆ ಹಿಲ್ ಡಿಸ್ಟ್ರಿಕ್ಟ್ ಬಡಾವಣೆಯ ಸಮಾಜ ಹೋರಾಟಗಾರ್ತಿ ಫ್ರ್ಯಾಂಕಿ ಪೇಸ್ ಅವರ ಹೆಸರಿಟ್ಟಿದ್ದಾರೆ. ಆ ಬಡಾವಣೆಯಿಂದ 1950ರ ದಶಕದಲ್ಲಿ ಸುಮಾರು 8,000 ಜನರನ್ನು ಒಕ್ಕಲೆಬ್ಬಿಸಲಾಗಿತ್ತು. ಸೇಂಟ್ ಲೂಯಿಸ್‌ನಲ್ಲೂ ಸ್ಮಾರಕಕ್ಕಾಗಿ ನದೀದಂಡೆಯ ಸುಮಾರು 40 ಬ್ಲಾಕ್ ಕಟ್ಟಡಗಳು ನೆಲಸಮವಾದವು. ಒಬ್ಬ ವಕೀಲರ ಹೆಸರಿನ ಜೊತೆಗೆ ಆ ಬೀದಿಗಳ ಹೆಸರುಗಳೂ ಇಂಥ ಚೌಕಗಳ ಕಲ್ಲಿನಲ್ಲಿ ಇರಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ.

ಕೊನೆಗೆ ಒಪ್ಪಂದ. ಮುಚ್ಚಳ ಸೇತುವೆಯ ಲೆಕ್ಕಕ್ಕೆ ಬರುವುದರಿಂದ ಅಲ್ಲಿ ಸಾಮಾನ್ಯವಾಗಿ 24 ತಿಂಗಳಿಗೊಮ್ಮೆ ತಪಾಸಣೆ. ತೊಲೆ ಹೆದ್ದಾರಿ ಇಲಾಖೆಯದು, ಹುಲ್ಲು ಉದ್ಯಾನದವರದು. ನಡುವಿನ ಆ ಕಪ್ಪು ಪದರ ಯಾರದು, ಅದು ಸೋರಿದರೆ ಅಗೆಯುವ ಖರ್ಚು ಯಾರದು ಎಂಬುದನ್ನು ಮೊದಲ ತೊಲೆ ಏರಿಸುವ ಮುಂಚೆಯೇ ಬರೆದಿಟ್ಟುಕೊಳ್ಳಬೇಕು.