ಸ್ಕೂಲ್ ಗಡಿ ಮ್ಯಾಪ್, ಮೂರನೇ ಅಪ್ಡೇಟ್: ಮೂಲೆಮನೆ ಕೊನೆಗೂ ಸರಿಯಾಗಿ ಸಿಕ್ತು

ನಿನ್ನೆ ರಾತ್ರಿ ಒಂದೂವರೆ ಹೊತ್ತಿಗೆ ಮೂಲೆಮನೆ ವಿಳಾಸ ಹಾಕಿದ್ರೆ ಸರಿಯಾದ ಶಾಲೆ ಹೆಸರು ಬಂತು. ಮೂರು ವಾರದಿಂದ ತಲೆ ತಿಂದಿದ್ದ ಮನೆ ಅದು. ಖುಷಿಗೆ ನಿದ್ದೆ ಬರ್ಲಿಲ್ಲ, ಅದಕ್ಕೇ ಬೆಳಿಗ್ಗೆ ಎದ್ದವನೇ ಎಲ್ಲಾ ಬರೆದಿಡ್ತಿದೀನಿ, ಇದೇ ಥರ ಗಡಿ ಮ್ಯಾಪ್‌ಗೆ ಕೈ ಹಾಕಿರೋರು ಯಾರಾದ್ರೂ ಇದ್ರೆ ಅವರಿಗೆ ಆ ಮೂರು ವಾರ ಉಳೀಲಿ.

ಹಿಂದಿನ ಅಪ್ಡೇಟ್ ಓದದೇ ಇರೋರಿಗೆ ಎರಡೇ ಮಾತು. ಬೇಸಿಗೆ ರಜೆ ಮುಗಿದ್ಮೇಲೆ ನಮ್ಮ ಮೂರು ಶಾಲೆಗಳ ಗಡಿ ಬದಲಾಗ್ತಿದೆ, ಒಂದರಲ್ಲಿ ಕೂರೋಕೆ ಜಾಗ ಇಲ್ಲ, ಇನ್ನೊಂದರಲ್ಲಿ ಕ್ಲಾಸ್‌ರೂಮ್‌ಗಳು ಖಾಲಿ ಬಿದ್ದಿವೆ. ಮನೆ ವಿಳಾಸ ಟೈಪ್ ಮಾಡಿದ್ರೆ ಮಗು ಮುಂದೆ ಯಾವ ಶಾಲೆಗೆ ಹೋಗ್ಬೇಕು ಅಂತ ಹೇಳಿ, ಅದರ ಕೆಳಗೇ ರಜೆಯಲ್ಲಿ ಆ ಮನೆಗೆ ಹತ್ತಿರ ಏನೇನಿದೆ, ಲೈಬ್ರರಿ ಶಿಬಿರ, ಈಜು ಕ್ಲಾಸು, ಶಾಲೆ ಊಟ ನಂಬಿಕೊಂಡಿರೋ ಮಕ್ಕಳಿಗೆ ರಜೆಯಲ್ಲೂ ಊಟ ಕೊಡೋ ಜಾಗ, ಎಲ್ಲಾ ತೋರಿಸೋ ಮ್ಯಾಪ್ ಇದು. ಕ್ಯೂಜಿಐಎಸ್ ಅನ್ನೋ ಮ್ಯಾಪ್ ಸಾಫ್ಟ್‌ವೇರ್‌ನಲ್ಲಿ ಗಡಿ ಬರೆದು, ವೆಬ್ ಪುಟದಲ್ಲಿ ಮ್ಯಾಪ್ ಕೂರಿಸೋ ಲೀಫ್ಲೆಟ್‌ನಲ್ಲಿ ತೋರಿಸೋದು, ಜಿಯೋರೆಫರೆನ್ಸಿಂಗು (ಸ್ಕ್ಯಾನ್ ಮಾಡಿದ ಮ್ಯಾಪನ್ನ ನೆಲದ ನಿಜವಾದ ಜಾಗಕ್ಕೆ ಹೊಂದಿಸೋದು), ಡಿಜಿಟೈಸಿಂಗು (ಅದರ ಗೆರೆಗಳನ್ನ ಕಂಪ್ಯೂಟರ್‌ನಲ್ಲಿ ಮತ್ತೆ ಬರೆಯೋದು), ಅದರ ವಿವರವೆಲ್ಲಾ ಬಿಟ್ಟು ಮುಂದಕ್ಕೆ ಹೋಗ್ತೀನಿ.

ಮೊದಲ ಟ್ರಯಲ್‌ಗೆ ಅಂತ ನಾಲ್ಕಾರು ಮನೆಯವರಿಗೆ ಕಳಿಸಿದ್ದೆ. ಎರಡೇ ದಿನದಲ್ಲಿ ಮೂಲೆಮನೆ ಅಕ್ಕ ಮೆಸೇಜ್ ಮಾಡಿದ್ರು: "ಅಣ್ಣ, ನಿಮ್ಮ ಮ್ಯಾಪ್ ದಕ್ಷಿಣದ ಶಾಲೆ ಅಂತಿದೆ, ಮನೆಗೆ ಬಂದ ಪತ್ರದಲ್ಲಿ ಉತ್ತರದ ಶಾಲೆ ಅಂತಿದೆ. ಸುಮ್ನೆ ಪಕ್ಕದ ಮನೆ ನಂಬರ್ ಹಾಕಿ ನೋಡಿದೆ, ಅವರಿಗೆ ಉತ್ತರ ಅಂತಿದೆ. ಮಗಳು ದಿನಾ ಕೇಳ್ತಾಳೆ, ಏನು ಹೇಳ್ಲಿ?" ಓದಿ ಹೊಟ್ಟೆಯಲ್ಲಿ ಒಂಥರಾ ಆಯ್ತು. ಬೇರೆ ಮ್ಯಾಪ್‌ನಲ್ಲಿ ಪಿನ್ ಹತ್ತು ಮೀಟರ್ ಆಚೀಚೆ ಆದ್ರೆ ಯಾರಿಗೂ ಏನೂ ಆಗಲ್ಲ, ಇಲ್ಲಿ ಒಂದು ಮಗು ತಪ್ಪು ಶಾಲೆ ಬಾಗಿಲಿಗೆ ಹೋಗಿ ನಿಲ್ಲುತ್ತೆ.

ಎಲ್ಲರ ಥರ ನಾನೂ ಮೊದಲು ಅನುಮಾನ ಪಟ್ಟಿದ್ದು ಅಕ್ಷಾಂಶ ರೇಖಾಂಶ ಅದಲುಬದಲಾಗಿದೆಯಾ ಅಂತ. ಗಡಿ ಇಟ್ಟಿರೋ ಜಿಯೋಜೇಸನ್ ಫೈಲ್‌ನಲ್ಲಿ ರೇಖಾಂಶ ಮೊದಲು, ಅದರ ನಿಯಮ ಬರೆದಿರೋ 2016ರ ಆರ್‌ಎಫ್‌ಸಿ 7946 ಹೇಳೋದೇ ಹಾಗೆ, ಲೀಫ್ಲೆಟ್‌ಗೆ ಅಕ್ಷಾಂಶ ಮೊದಲು ಬೇಕು. ಆದ್ರೆ ಅದು ತಪ್ಪಿದ್ರೆ ಮನೆ ಭೂಮಿಯ ಇನ್ನೊಂದು ಮೂಲೆಗೆ ಹಾರುತ್ತೆ, ಪಕ್ಕದ ಶಾಲೆಗಲ್ಲ. ಆಮೇಲೆ ಆ ಇಡೀ ರಸ್ತೆಯ ಮನೆಗಳನ್ನ ಒಂದೊಂದಾಗಿ ಹಾಕಿ ನೋಡ್ದೆ. 17 ಉತ್ತರ, 19 ದಕ್ಷಿಣ, 21 ಮತ್ತೆ ಉತ್ತರ, 23 ಹಾಕಿದ್ರೆ ಯಾವ ಶಾಲೆನೂ ಇಲ್ಲ! ಒಂದೇ ಸಾಲಲ್ಲಿ ಗೋಡೆಗೆ ಗೋಡೆ ತಾಗಿಸಿಕೊಂಡು ನಿಂತಿರೋ ಮನೆಗಳು ಇವು.

23ರ ಕಥೆ ಬೇಗ ಸಿಕ್ತು. ಫೋನ್‌ನಲ್ಲಿ ಬೇಗ ಲೋಡ್ ಆಗ್ಲಿ ಅಂತ ಗಡಿಗಳನ್ನ ಸಿಂಪ್ಲಿಫೈ ಮಾಡಿದ್ದೆ, ಅಂದ್ರೆ ಗೆರೆಯ ಬಿಂದುಗಳನ್ನ ಕಡಿಮೆ ಮಾಡಿದ್ದೆ. ಡಗ್ಲಸ್–ಪ್ಯೂಕರ್, 1973ರಿಂದ ಎಲ್ಲರೂ ಬಳಸ್ತಿರೋ ಅಲ್ಗಾರಿದಮ್, ಅದರದ್ದೇನೂ ತಪ್ಪಿಲ್ಲ. ಆದ್ರೆ ಕ್ಯೂಜಿಐಎಸ್‌ನ ಸಿಂಪ್ಲಿಫೈ ಒಂದೊಂದು ಪಾಲಿಗಾನ್‌ನ, ಅಂದ್ರೆ ಒಂದೊಂದು ಶಾಲೆಯ ಗಡಿ ಆಕಾರನ, ಬೇರೆಬೇರೆಯಾಗಿ ನೋಡುತ್ತೆ, ಉತ್ತರದ ಶಾಲೆಯ ಕೆಳಗಿನ ಅಂಚು ಮತ್ತು ದಕ್ಷಿಣದ ಶಾಲೆಯ ಮೇಲಿನ ಅಂಚು ಒಂದೇ ಗೆರೆ ಅಂತ ಅದಕ್ಕೆ ಗೊತ್ತಿಲ್ಲ, ಇಲ್ಲಿ ಒಂದು ಬಿಂದು ಅಲ್ಲಿ ಒಂದು ಬಿಂದು ತೆಗೆದು ಹಾಕುತ್ತೆ, ಮಧ್ಯದಲ್ಲಿ ಸೀಳು ಬಿಡುತ್ತೆ ಇಲ್ಲಾ ಒಂದರ ಮೇಲೊಂದು ಹತ್ತುತ್ತೆ. ಜೂಮ್ ಮಾಡಿದ್ರೆ ಹರಿದ ಬಟ್ಟೆ ಹೊಲಿಗೆ ಥರ ಕಾಣ್ತಿತ್ತು, 23ನೇ ಮನೆ ಸರಿಯಾಗಿ ಆ ಸೀಳಿನೊಳಗೆ ಬಿದ್ದಿತ್ತು. ಮ್ಯಾಪ್‌ಶೇಪರ್ ಅನ್ನೋ ಇನ್ನೊಂದು ಟೂಲ್‌ಗೆ ಹಾಕಿದೆ, ಅದು ಹಂಚಿಕೊಂಡಿರೋ ಅಂಚನ್ನ ಒಂದೇ ಅಂಚು ಅಂತ ಗುರುತಿಟ್ಟುಕೊಂಡು ಸಿಂಪ್ಲಿಫೈ ಮಾಡುತ್ತೆ, ಸೀಳು ಹೋಯ್ತು. ಇನ್ನೊಂದು ಮಾತು, ಫೈಲ್ ಭಾರ ಇದ್ದಿದ್ದು ಬಿಂದುಗಳಿಂದ ಅಷ್ಟೇ ಅಲ್ಲ, ದಶಮಾಂಶಗಳಿಂದ! ಒಂದೊಂದು ಅಂಕಿಗೂ ಚುಕ್ಕೆ ಆದ್ಮೇಲೆ 15 ಸ್ಥಾನ ಇತ್ತು. ಚುಕ್ಕೆ ಆದ್ಮೇಲೆ 6 ಸ್ಥಾನ ಅಂದ್ರೇನೇ ನೆಲದ ಮೇಲೆ ಸುಮಾರು 10 ಸೆಂಟಿಮೀಟರ್, ಶಾಲೆ ಗಡಿಗೆ ಅದಕ್ಕಿಂತ ಏನು ಬೇಕು? 6ಕ್ಕೆ ಕತ್ತರಿಸಿ ಹಾಕಿ, ಗೆರೆ ಅಲ್ಲಾಡದೆ ಫೈಲ್ ಇಳಿಯುತ್ತೆ.

17, 19, 21ರ ಹಾವಾಟ ಮಾತ್ರ ಹೋಗ್ಲಿಲ್ಲ. ಅದಕ್ಕೆ ಎರಡು ರಾತ್ರಿ ಹಿಡೀತು. ವಿಳಾಸನ ಮ್ಯಾಪ್ ಮೇಲಿನ ಬಿಂದುವಾಗಿ ಮಾಡಿಕೊಡೋ ಜಿಯೋಕೋಡರ್ ಹತ್ರ ಆ ಮನೆಗಳ ನಿಜವಾದ ಜಾಗ ಇರ್ಲೇ ಇಲ್ಲ, ರಸ್ತೆ ಶುರುವಿನ ನಂಬರ್ ಕೊನೆ ನಂಬರ್ ಇಟ್ಕೊಂಡು ಮಧ್ಯದವನ್ನ ಅಂದಾಜಲ್ಲಿ ಹಂಚಿ ಎಲ್ಲಾ ಮನೆಗಳನ್ನೂ ರಸ್ತೆಯ ನಡುಗೆರೆ ಮೇಲೇ ಕೂರಿಸ್ತಿತ್ತು. ನಾನು ಗಡಿ ಬರೆದಿದ್ದೂ ಅದೇ ನಡುಗೆರೆ ಮೇಲೆ. ಅಂದ್ರೆ ಬಿಂದು ಸರಿಯಾಗಿ ಗೆರೆ ಮೇಲೇ ಬೀಳ್ತಿದೆ, ಒಳಗೋ ಹೊರಗೋ ಅನ್ನೋದು ಕೊನೇ ದಶಮಾಂಶದ ರೌಂಡಿಂಗ್ ಮೇಲೆ ನಿಂತಿದೆ. ಮಗು ಯಾವ ಶಾಲೆಗೆ ಹೋಗ್ಬೇಕು ಅಂತ ರೌಂಡಿಂಗ್ ಎರರ್ ತೀರ್ಮಾನ ಮಾಡ್ತಿತ್ತು ಅಂದ್ರೆ ನೀವೇ ಯೋಚ್ನೆ ಮಾಡಿ.

ಸರಿ, ಒಂದು ಶನಿವಾರ ಕಾಗದ ಪೆನ್ಸಿಲ್ ಹಿಡ್ಕೊಂಡು ಆ ರಸ್ತೆ ಉದ್ದಕ್ಕೂ ನಡೆದು ಪ್ರತಿ ಗೇಟಿನ ನಂಬರ್ ಬರ್ಕೊಂಡೆ, ಯಾರು ಬೇಕಾದ್ರೂ ತಿದ್ದಬಹುದಾದ ಉಚಿತ ಮ್ಯಾಪ್ ಓಪನ್‌ಸ್ಟ್ರೀಟ್‌ಮ್ಯಾಪ್‌ಗೂ ಸೇರಿಸಿದೆ, ಮುಂದಿನವರಿಗೆ ಉಪಯೋಗ ಆಗುತ್ತೆ. ಈಗ ಬಿಂದುಗಳು ಮನೆ ಮೇಲೇ ಬಿದ್ವು. ಬೆಸ ನಂಬರ್ ಎಲ್ಲಾ ದಕ್ಷಿಣ, ಸಮ ನಂಬರ್ ಎಲ್ಲಾ ಉತ್ತರ, ಒಂದೂ ತಪ್ಪಿಲ್ಲದೆ ನೀಟಾಗಿ. ಅಕ್ಕಂಗೆ ಫೋನ್ ಮಾಡಿ ಹೇಳೋಣ ಅಂತ ನೋಡಿದ್ರೆ ಅವರ ಮನೆ ಇನ್ನೂ ದಕ್ಷಿಣಕ್ಕೇ ಬೀಳ್ತಿದೆ. ಪತ್ರದಲ್ಲಿ ಉತ್ತರ. ಆಗ ಅಕ್ಕಪಕ್ಕದ ಬೆಸ ನಂಬರ್ ಮನೆಯವರ ಪತ್ರನೂ ಕೇಳಿ ನೋಡಿದೆ. ಎಲ್ಲದರಲ್ಲೂ ಉತ್ತರ!

ಇಲ್ಲಿ ಡೇಟಾ ಕೊಟ್ಟೋರ ಬಗ್ಗೆ ಒಂದು ಮಾತು ಹೇಳ್ಲೇಬೇಕು. ಗಡಿ ಅಂತ ನನಗೆ ಸಿಕ್ಕಿದ್ದು ಒಂದು ಪಿಡಿಎಫ್, ಅದೂ ಪ್ರಿಂಟ್ ತೆಗೆದು ಮೇಲೆ ಸ್ಕೆಚ್ ಪೆನ್‌ನಲ್ಲಿ ಗೆರೆ ಎಳೆದು ಮತ್ತೆ ಸ್ಕ್ಯಾನ್ ಮಾಡಿದ್ದು. ಶೇಪ್‌ಫೈಲ್ (ಮ್ಯಾಪ್ ಸಾಫ್ಟ್‌ವೇರ್ ನೇರವಾಗಿ ಓದೋ ಗಡಿ ಫೈಲ್) ಇದ್ರೆ ಕೊಡಿ ಅಂತ ಎಷ್ಟು ಸಲ ಕೇಳಿದ್ರೂ ಅದೇ ಪಿಡಿಎಫ್ ಮತ್ತೆ ಮತ್ತೆ ಬಂತು. ಮ್ಯಾಪ್ ಸ್ಕೇಲ್ 1:20,000, ಪೆನ್ನಿನ ಗೆರೆ ಎರಡು ಮಿಲಿಮೀಟರ್ ದಪ್ಪ. ಲೆಕ್ಕ ಹಾಕಿ, ಅದು ನೆಲದ ಮೇಲೆ 40 ಮೀಟರ್. ರಸ್ತೆ, ಎರಡೂ ಬದಿ ಮನೆ, ಹಿತ್ತಲು, ಎಲ್ಲಾ ಆ ಒಂದು ಗೆರೆ ಕೆಳಗೆ ಮುಚ್ಚಿಹೋಗಿದೆ. ನಾನು ಮೂರು ವಾರ ಆ ಗೆರೆಯ ನಡುವನ್ನ ಹುಡುಕ್ತಾ ಕೂತಿದ್ದೆ.

ಈ ಗೊಂದಲಕ್ಕೆ ಪರಿಹಾರ ಇದ್ದಿದ್ದು ಅದೇ ಪಿಡಿಎಫ್‌ನ ಕೊನೇ ಪುಟಗಳಲ್ಲಿ. ಮ್ಯಾಪ್ ಆದ್ಮೇಲೆ ಸಣ್ಣ ಅಕ್ಷರದ ಅನುಬಂಧ, ರಸ್ತೆ ರಸ್ತೆ ಹೆಸರು ಹಾಕಿ ಬರೆದಿದಾರೆ. ಈ ರಸ್ತೆ ಎದುರಿಗೆ "ಎರಡೂ ಬದಿಯ ಮನೆಗಳು, ಉತ್ತರ" ಅಂತ ಇದೆ. ಗಡಿ ರಸ್ತೆ ಮಧ್ಯದಲ್ಲಿ ಇಲ್ವೇ ಇಲ್ಲ, ದಕ್ಷಿಣದ ಸಾಲಿನ ಮನೆಗಳ ಹಿತ್ತಲ ಗೋಡೆ ಹಿಂದೆ ಇದೆ! ಎದುರುಬದುರು ಮನೆ ಮಕ್ಕಳು ಬೇರೆಬೇರೆ ಶಾಲೆಗೆ ಹೋಗೋದು ಬೇಡ ಅಂತ ಹಾಗೆ ಮಾಡಿರ್ಬೇಕು, ಒಳ್ಳೇ ಯೋಚನೆನೇ. ಸ್ಕೆಚ್ ಪೆನ್ ಹಿಡಿದವರು ರಸ್ತೆ ಮೇಲೆ ಗೆರೆ ಎಳೆದುಬಿಟ್ಟಿದಾರೆ ಅಷ್ಟೇ.

ಉಳಿದಿದ್ದು ಮೂಲೆಮನೆ ಒಂದೇ. ಅದರ ನಂಬರ್ ಮುಖ್ಯರಸ್ತೆದು, ಗೇಟು ಮಾತ್ರ ಪಕ್ಕದ ಅಡ್ಡರಸ್ತೆಗೆ ತೆರೆಯುತ್ತೆ, ಅಡ್ಡರಸ್ತೆ ಪೂರ್ತಿ ದಕ್ಷಿಣದ ಶಾಲೆಗೆ ಸೇರಿದ್ದು. ನಾನು ಶನಿವಾರ ಗೇಟ್ ಇದ್ದ ಕಡೆ ಬಿಂದು ಇಟ್ಟಿದ್ರಿಂದ ನನ್ನ ಟೇಬಲ್‌ನಲ್ಲಿ ಅದು ಅಡ್ಡರಸ್ತೆ ಮನೆ ಆಗಿಬಿಟ್ಟಿತ್ತು. ಗಡಿ ತೀರ್ಮಾನ ಮಾಡೋ ಆಫೀಸಿಗೆ ಫೋನ್ ಮಾಡಿ ಕೇಳ್ದೆ, ವಿಳಾಸದಲ್ಲಿ ಯಾವ ರಸ್ತೆ ಇದೆಯೋ ಅದೇ ಲೆಕ್ಕ, ಗೇಟ್ ಯಾವ ಕಡೆ ಇದ್ರೂ ಪರವಾಗಿಲ್ಲ ಅಂದ್ರು. ಹಾಗಾಗಿ ಪತ್ರದಲ್ಲಿದ್ದ ಉತ್ತರದ ಶಾಲೆನೇ ಸರಿ.

ಈಗ ಇಡೀ ಲಾಜಿಕ್ ತಿರುಗಿಸಿ ಬರೆದಿದೀನಿ. ವಿಳಾಸ ಬಂದ್ರೆ ಮೊದಲು ಅನುಬಂಧದ ಟೇಬಲ್ ನೋಡುತ್ತೆ, ರಸ್ತೆ ಹೆಸರು, ನಂಬರ್ ಎಲ್ಲಿಂದ ಎಲ್ಲಿವರೆಗೆ, ಬೆಸನೋ ಸಮನೋ ಎರಡೂನೋ. ಅಲ್ಲಿ ಸಿಗದಿದ್ರೆ ಮಾತ್ರ ಪಾಲಿಗಾನ್. ಅದರಲ್ಲೂ ಗಡಿಯಿಂದ 40 ಮೀಟರ್ ಒಳಗೆ ಬಿದ್ರೆ ಶಾಲೆ ಹೆಸರು ಹೇಳೋದೇ ಇಲ್ಲ, ಎರಡೂ ಶಾಲೆ ತೋರಿಸಿ "ನಿಮ್ಮ ಮನೆ ಗಡಿ ಹತ್ರ ಇದೆ, ಪತ್ರ ನೋಡಿ ಇಲ್ಲಾ ಆಫೀಸಿಗೆ ಕೇಳಿ ಖಚಿತ ಮಾಡ್ಕೊಳ್ಳಿ" ಅನ್ನುತ್ತೆ. ಗಡಿ ಸುತ್ತ ಈ 40 ಮೀಟರ್ ಪಟ್ಟಿ (ಬಫರ್) ಹಾಕೋವಾಗ ಹುಷಾರು, ಲೇಯರ್ ಇಪಿಎಸ್‌ಜಿ 4326 ಅನ್ನೋ, ಡಿಗ್ರಿಯಲ್ಲಿ ಅಳೆಯೋ ಅಕ್ಷಾಂಶ ರೇಖಾಂಶ ವ್ಯವಸ್ಥೆಯಲ್ಲಿದ್ರೆ 40 ಅಂದ್ರೆ 40 ಡಿಗ್ರಿ, ಅಂದ್ರೆ ಉತ್ತರ ದಕ್ಷಿಣವಾಗಿ 4,400 ಕಿಲೋಮೀಟರ್‌ಗೂ ಮೇಲೆ, ಇಡೀ ಸ್ಕ್ರೀನ್ ಒಂದೇ ಬಣ್ಣ ಆಗುತ್ತೆ. ಮೀಟರ್ ಬೇಕು ಅಂತ ವೆಬ್ ಮ್ಯಾಪ್‌ಗಳು ಬಳಸೋ ಇಪಿಎಸ್‌ಜಿ 3857ಗೂ ಹೋಗ್ಬೇಡಿ, ಅದರ ಮೀಟರ್ ನೆಲದ ಮೀಟರ್ ಅಲ್ಲ, ಸಮಭಾಜಕದಿಂದ ದೂರ ಹೋದಷ್ಟೂ ಹಿಗ್ಗುತ್ತೆ, 60 ಡಿಗ್ರಿ ಅಕ್ಷಾಂಶದಲ್ಲಿ ಎರಡರಷ್ಟಾಗುತ್ತೆ. ಭೂಮಿನ ವಲಯಗಳಾಗಿ ಹಂಚಿ ಮೀಟರ್‌ನಲ್ಲಿ ಅಳೆಯೋ ಯುಟಿಎಂ ವ್ಯವಸ್ಥೆಯಲ್ಲಿ ನಿಮ್ಮ ಜಾಗದ ವಲಯ ಹಾಕಿ, ತಲೆನೋವಿಲ್ಲ.

ಇದರ ಮಧ್ಯೆ ಮುಂದಿನ ಪ್ರಾಜೆಕ್ಟ್ ತಲೆಗೆ ಹೊಕ್ಕಿದೆ. ಆ ರಸ್ತೆ ನಡೆಯೋವಾಗ ಅನ್ನಿಸ್ತು, "ಶಾಲೆ 800 ಮೀಟರ್ ದೂರ" ಅಂತ ನಾನು ತೋರಿಸ್ತಿರೋದು ಹಕ್ಕಿ ಹಾರೋ ದೂರ, ಮಗು ಹಾರಲ್ಲ. ಮಧ್ಯದಲ್ಲಿ ದೊಡ್ಡ ರಸ್ತೆ ಇದ್ರೆ ಸಿಗ್ನಲ್‌ವರೆಗೆ ಸುತ್ತಿ ಬರ್ಬೇಕು. ರಸ್ತೆಗಳನ್ನ ಗ್ರಾಫ್ (ಬಿಂದು ಮತ್ತು ಕೊಂಡಿಗಳ ಜಾಲ) ಮಾಡಿ, ದೊಡ್ಡ ರಸ್ತೆ ದಾಟೋ ಕಡೆಗೆ ಹೆಚ್ಚು ವೇಟ್ ಕೊಟ್ಟು, ಅತಿ ಕಡಿಮೆ ವೇಟ್‌ನ ದಾರಿ ಹುಡುಕೋ ಡೈಕ್‌ಸ್ಟ್ರಾ ಅಲ್ಗಾರಿದಮ್ ಓಡಿಸಿದ್ರೆ ಮಗುವಿನ ಹೆಜ್ಜೆಯ ನಿಮಿಷ ಲೆಕ್ಕ ಸಿಗುತ್ತೆ. ಏಳು ವರ್ಷದ ಮಗು ಎಷ್ಟು ಸ್ಪೀಡಲ್ಲಿ ನಡೆಯುತ್ತೆ ಅಂತ ಅಕ್ಕನ ಮಗಳ ಜೊತೆ ನಡೆದು ಟೈಮ್ ನೋಡ್ಬೇಕು. ಇದು ಆಮೇಲೆ.

ಬೇಸಿಗೆ ಲೇಯರ್ ಕಥೆ ಚಿಕ್ಕದು, ಆದ್ರೆ ಅಲ್ಲೂ ಒಂದು ಮುಳ್ಳು ಚುಚ್ಚಿತು. ಶಿಬಿರಗಳ ಮಾಹಿತಿ ಬರೋದೆಲ್ಲಾ ಪೋಸ್ಟರ್ ಫೋಟೋ ಆಗಿ, "ಸೋಮವಾರದಿಂದ ಎರಡು ವಾರ" ಅಂತಿರುತ್ತೆ, ಯಾವ ಸೋಮವಾರ ಅಂತ ಇರಲ್ಲ, ಪ್ರತಿಯೊಂದಕ್ಕೂ ಫೋನ್ ಮಾಡಿ ಕೇಳ್ಬೇಕು. ದಿನಾಂಕ ಸಿಕ್ಕಿದ್ಮೇಲೆ ಕ್ಯಾಲೆಂಡರ್ ಫೈಲ್ ಮಾಡಿ ಕೊಟ್ಟೆ, ಫೋನ್‌ಗೆ ಒಂದೇ ಒತ್ತಲ್ಲಿ ಸೇರ್ಕೊಳ್ಳೋ ಹಾಗೆ. ಒಬ್ಬ ಅಜ್ಜಿ ಫೋನ್ ಮಾಡಿ, "ಮಗಾ, 20ಕ್ಕೆ ಮೊಮ್ಮಗನ ನಾಟಕ ಇದೆ ಅಂದ್ರು, ಫೋನ್‌ನಲ್ಲಿ 19ಕ್ಕೇ ಶಿಬಿರ ಮುಗೀತು ಅಂತಿದೆಯಲ್ಲ" ಅಂದ್ರು. ಐಕ್ಯಾಲೆಂಡರ್ ಫಾರ್ಮ್ಯಾಟ್‌ನಲ್ಲಿ ಇಡೀ ದಿನದ ಕಾರ್ಯಕ್ರಮಕ್ಕೆ ಕೊನೇ ದಿನಾಂಕ ಲೆಕ್ಕಕ್ಕೆ ಬರಲ್ಲ, 20ಕ್ಕೆ ಮುಗಿಯೋದಕ್ಕೆ 21 ಅಂತ ಬರೀಬೇಕು. ಎಲ್ಲಾ ಶಿಬಿರದ ಕೊನೇ ದಿನನೂ ಹೀಗೇ ಬಿಟ್ಟುಹೋಗಿತ್ತು, ಮಕ್ಕಳು ತೋರಿಸೋಕೆ ಅಂತ ಕಾಯ್ತಿರೋ ದಿನನೇ ಅದು. ಅವತ್ತೇ ಸರಿ ಮಾಡಿ, ಡೌನ್‌ಲೋಡ್ ಮಾಡ್ಕೊಂಡಿದ್ದ ಎಲ್ಲರಿಗೂ ಮತ್ತೆ ಕಳಿಸ್ದೆ.

ಇನ್ನೊಂದು ಬಟನ್ ಸೇರಿಸಿದೀನಿ: "ನಿಮ್ಮ ಮುಂದಿನ ಶಾಲೆಯಲ್ಲೇ ನಡೆಯೋ ಶಿಬಿರಗಳು". ಶಾಲೆ ಬದಲಾಗೋ ಮಗು ರಜೆಯಲ್ಲೇ ಆ ಕಾರಿಡಾರ್ ನೋಡಿದ್ರೆ, ನಲ್ಲಿ ಎಲ್ಲಿದೆ ಟಾಯ್ಲೆಟ್ ಎಲ್ಲಿದೆ ಅಂತ ಗೊತ್ತಿದ್ರೆ, ಮೊದಲ ದಿನದ ಅರ್ಧ ಹೆದರಿಕೆ ಅಲ್ಲೇ ಕರಗುತ್ತೆ. ನನಗೆ ಈ ಇಡೀ ಮ್ಯಾಪ್‌ನಲ್ಲಿ ತುಂಬಾ ಇಷ್ಟ ಆಗಿರೋದು ಈ ಬಟನ್ನೇ.

ಬೆಳಿಗ್ಗೆ ಅಕ್ಕಂಗೆ ಹೊಸ ಸ್ಕ್ರೀನ್‌ಶಾಟ್ ಕಳಿಸ್ದೆ. "ಸರಿಯಾಗಿದೆ ಅಣ್ಣ, ಇವಳ ಗೆಳತಿ ಮನೆ ಅಡ್ಡರಸ್ತೆಯಲ್ಲಿ ಎರಡನೇದು, ಅದನ್ನೂ ನೋಡಿ" ಅಂದ್ರು. ನೋಡ್ದೆ. ದಕ್ಷಿಣ. ಟೇಬಲ್‌ನಲ್ಲಿ ಎರಡು ಸಲ ನೋಡಿ ಆಮೇಲೇ ಹೇಳ್ದೆ. ಇಬ್ಬರನ್ನೂ ಸೇರಿಸಿ ಲೈಬ್ರರಿ ಶಿಬಿರಕ್ಕೆ ಹೆಸರು ಬರೆಸಿದಾರಂತೆ, ಅಲ್ಲಿ ಯಾವ ಶಾಲೆಯವರು ಅಂತ ಕೇಳಲ್ಲ.

ಅನುಬಂಧದಲ್ಲಿ ಇನ್ನೂ ಎರಡು ಪುಟ ಟೈಪ್ ಮಾಡೋದಿದೆ, ಸ್ಕ್ಯಾನ್ ಮಸುಕಾಗಿ 3 ಯಾವುದು 8 ಯಾವುದು ಅಂತ ಗೊತ್ತಾಗದೇ ಇರೋ ನಂಬರ್‌ಗಳನ್ನ ಬೇರೆ ಪಟ್ಟಿ ಮಾಡ್ತಿದೀನಿ, ಭಾನುವಾರ ಆ ಗೇಟುಗಳ ಹತ್ರ ಹೋಗಿ ನೋಡ್ಕೊಂಡು ಬರ್ತೀನಿ.