ಹಳ್ಳದ ಕೆಲಸ: ಒಂಬತ್ತನೇ ಭಾನುವಾರ

ಹಳ್ಳ ಸ್ವಚ್ಛ ಮಾಡಲು ಈ ಸಲ ಬಂದವರು ಏಳೇ ಜನ. ಮೊದಲ ವಾರ ಇಪ್ಪತ್ತಕ್ಕೂ ಜಾಸ್ತಿ ಇದ್ದೆವು. ಬೇಜಾರೇನಿಲ್ಲ, ಚೀಲ ಹೊರುವ ಕೆಲಸ ಹೆಚ್ಚುಕಮ್ಮಿ ಮುಗಿದಿದೆ. ಇವತ್ತು ಸಿಕ್ಕಿದ್ದು ನಾಲ್ಕು ಚೀಲ ಪ್ಲಾಸ್ಟಿಕ್, ಒಂದು ಟೈರು, ಒಂದು ಒಂಟಿ ಚಪ್ಪಲಿ. ಜೋಡಿ ಯಾಕೋ ಯಾವತ್ತೂ ಸಿಗುವುದಿಲ್ಲ.

ನಮ್ಮದೇ ತಪ್ಪೊಂದನ್ನು ಹೇಳಿಬಿಡುತ್ತೇನೆ. ಮೂರನೇ ವಾರ ಹುಮ್ಮಸ್ಸಿನಲ್ಲಿ ಎಡದಂಡೆಯ ಹುಲ್ಲು, ಪೊದೆ ಎಲ್ಲವನ್ನೂ ನೀರಿನ ಅಂಚಿನವರೆಗೂ ಸವರಿ ಹಾಕಿದ್ದೆವು. ನೋಡೋಕೆ ಚೆನ್ನಾಗಿಯೇ ಇತ್ತು. ಆಮೇಲೆ ಬಂದ ಒಂದೇ ಜೋರು ಮಳೆಗೆ ದಂಡೆ ಕುಸಿಯಿತು. ಮಣ್ಣನ್ನು ಹಿಡಿದುಕೊಂಡಿದ್ದೇ ಆ ಬೇರುಗಳು, ಅಲ್ವಾ? ಕೆಳಗಿನ ತಿರುವಿನಲ್ಲಿ ಕಲ್ಲುಗಳ ಸಂದಿಗೆಲ್ಲ ಹೂಳು ತುಂಬಿತು. ನೀರಿನ ಹುಳಗಳ ಮನೆಯೇ ಆ ಸಂದಿ. ಈಗ ಅಂಚಿನಿಂದ ಐದು ಹೆಜ್ಜೆಯೊಳಗೆ ಕತ್ತಿ ಆಡಿಸುವಂತಿಲ್ಲ. ಬಿದ್ದ ಕೊಂಬೆಗಳನ್ನೂ ಸುಮ್ನೆ ಎಳೆದು ಹಾಕುವುದಿಲ್ಲ. ಕುಸಿದ ಕಡೆ ನೆಟ್ಟ ಜೊಂಡಿನಲ್ಲಿ ಅರ್ಧದಷ್ಟು ಬೇರು ಬಿಟ್ಟಿದೆ, ಉಳಿದದ್ದು ಕೊಚ್ಚಿಹೋಯಿತು.

ಬೆಳಿಗ್ಗೆ ಒಂದು ಗಾಬರಿ. ನಿಂತ ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣದ ಪೊರೆ. ಯಾರೋ ಎಣ್ಣೆ ಸುರಿದಿದ್ದಾರೆ ಅಂತ ಒಬ್ಬರು ದೂರು ಕೊಡಲು ಫೋನ್ ತೆಗೆದೇಬಿಟ್ಟರು. ತಡೀರಿ ಅಂದು ಕಡ್ಡಿಯಿಂದ ಕೆದಕಿದೆ. ಪೊರೆ ಒಡೆದ ಗಾಜಿನ ಹಾಗೆ ಚೂರುಚೂರಾಯಿತು, ಮತ್ತೆ ಕೂಡಲಿಲ್ಲ. ಎಣ್ಣೆಯಾಗಿದ್ದರೆ ಸುಳಿದುಕೊಂಡು ಮತ್ತೆ ಒಂದಾಗುತ್ತಿತ್ತು. ಇದು ಕಬ್ಬಿಣದ ಅಂಶವಿರುವ ಒಸರು ನೀರಲ್ಲಿ ಬೆಳೆಯುವ ಬ್ಯಾಕ್ಟೀರಿಯಾದ ಕೆಲಸ. ಪಕ್ಕದಲ್ಲೇ ತುಕ್ಕು ಬಣ್ಣದ ಲೋಳೆಯೂ ಇತ್ತು. ಫೋನ್ ಜೇಬಿಗೆ ಹೋಯಿತು.

ಅಳತೆ: ಬೆಳಿಗ್ಗೆ 6.30ಕ್ಕೆ ನೀರು 22 ಡಿಗ್ರಿ, ಕರಗಿದ ಆಮ್ಲಜನಕ ಲೀಟರಿಗೆ 5.8 ಮಿಲಿಗ್ರಾಂ. ಇಷ್ಟು ಉಷ್ಣತೆಯ ನೀರು ಗಾಳಿಯಿಂದ ಸುಮಾರು 8.7ರವರೆಗೆ ಹೀರಿಕೊಳ್ಳಬಲ್ಲದು. 5ರ ಕೆಳಗೆ ಇಳಿದರೆ ಬಹಳಷ್ಟು ಮೀನುಗಳಿಗೆ ಕಷ್ಟ. ಇಷ್ಟು ಬೇಗ ಯಾಕೆ ಏಳಬೇಕು, ಮಧ್ಯಾಹ್ನ ಅಳೆದರಾಗದೇ ಅಂತ ಪ್ರತಿ ವಾರ ಯಾರಾದರೂ ಕೇಳುತ್ತಾರೆ. ಮಧ್ಯಾಹ್ನ ಪಾಚಿ ಬಿಸಿಲಲ್ಲಿ ಆಮ್ಲಜನಕ ಬಿಡುತ್ತಿರುತ್ತದೆ, ಲೆಕ್ಕ ಚೆಂದ ಕಾಣುತ್ತದೆ. ರಾತ್ರಿಯಿಡೀ ಪಾಚಿಯೂ ಉಸಿರಾಡಿ ಅದನ್ನು ಖರ್ಚು ಮಾಡುವುದರಿಂದ ನಸುಕಿನಲ್ಲಿ ಸಿಗುವುದೇ ನಿಜವಾದ ಕೆಟ್ಟ ಅಂಕಿ. ನನಗೆ ಬೇಕಾದ್ದು ಅದು.

ಕೊನೆಗೆ ಕಲ್ಲು ಮಗುಚುವ ಕೆಲಸ. ಎಂಟು ವಾರ ಸಿಕ್ಕಿದ್ದೆಲ್ಲ ದಾರದಂಥ ಕೆಂಪು ಹುಳ. ಅದರ ಮೈಯಲ್ಲಿ ಹಿಮೋಗ್ಲೋಬಿನ್ ಇರುವುದರಿಂದ ಆಮ್ಲಜನಕ ಕಮ್ಮಿಯಿರುವ ಕೆಸರಲ್ಲೂ ಬದುಕುತ್ತದೆ. ಇವತ್ತು ತಿರುವಿನ ಮೇಲ್ಗಡೆ, ನೀರು ಸದ್ದು ಮಾಡುತ್ತಾ ಹರಿಯುವ ಜಾಗದಲ್ಲಿ, ಕಲ್ಲಿನ ಅಡಿಗೆ ಬೇರೇನೋ ಅಂಟಿಕೊಂಡಿತ್ತು. ಬಿಳಿ ತಟ್ಟೆಗೆ ಬಿಟ್ಟು ಲೆನ್ಸ್ ಹಿಡಿದೆವು. ಹಿಂದೆ ಕೂದಲಿನಂಥ ಮೂರು ಬಾಲ, ಹೊಟ್ಟೆಯ ಎರಡೂ ಬದಿಗೆ ಪಟಪಟ ಆಡುವ ಕಿವಿರು. ಮೇಫ್ಲೈ ಮರಿ! ಹೆಚ್ಚಾಗಿ ಆಮ್ಲಜನಕ ಚೆನ್ನಾಗಿರುವ ಶುದ್ಧ ನೀರಲ್ಲಿ ಬೆಳೆಯುವ ಕೀಟ ಇದು.

ಒಂದೇ ಒಂದು. ಪುಸ್ತಕದಲ್ಲಿ 1 ಅಂತ ಬರೆದು, ಅದನ್ನು ನೀರಿಗೆ ಬಿಟ್ಟು, ಕಲ್ಲನ್ನು ಇದ್ದ ಹಾಗೇ ಇಟ್ಟೆವು. ಮುಂದಿನ ವಾರ ಜೊಂಡು ಮತ್ತೆ ನೆಡುವುದಿದೆ, ಗಮ್‌ಬೂಟ್ ಇದ್ದವರು ತನ್ನಿ.